ಕಾಗದದ ಮೇಲೆ ಕೌದಿಯ ಚೌಕ: ಸಮಮಿತಿಯ ಎರಡು ಅಭ್ಯಾಸ ಪಾಠಗಳು

ತರಗತಿ: 7. ವಿಷಯ: ಗಣಿತ, ಕಾರ್ಯಾನುಭವದೊಂದಿಗೆ. ಘಟಕ: ಸಮಮಿತಿ. ಅವಧಿ: 40 ನಿಮಿಷಗಳ ಎರಡು ಜೋಡಿ ಅವಧಿಗಳು.

ಈ ಸಲದ ಅಭ್ಯಾಸ ಬೋಧನೆಯಲ್ಲಿ ನಾನು ವೀಕ್ಷಿಸಿದ ಎರಡು ಪಾಠಗಳನ್ನು ಇಲ್ಲಿ ಜೊತೆಯಾಗಿಟ್ಟು ಬರೆಯುತ್ತಿದ್ದೇನೆ. ಎರಡೂ ಒಂದೇ ಘಟಕದವು. ಪಾಠ ಯೋಜನೆಯೂ ಹೆಚ್ಚುಕಡಿಮೆ ಒಂದೇ. ಇಳಕಲ್ಲಿನ ಶಾಲೆಯೊಂದರಲ್ಲಿ ನಡೆದ ಮೊದಲನೆಯ ಪಾಠಕ್ಕೆ ವೀಕ್ಷಣಾ ಪತ್ರದಲ್ಲಿ ನಾನು ಬಹಳ ಒಳ್ಳೆಯ ಅಂಕ ಕೊಟ್ಟೆ. ಹುನಗುಂದದಲ್ಲಿ ನಡೆದ ಎರಡನೆಯದಕ್ಕೆ "ಪೂರ್ವಸಿದ್ಧತೆ ಸಾಲದು, ತರಗತಿ ನಿಯಂತ್ರಣ ತಪ್ಪಿತು" ಎಂದು ಷರಾ ಬರೆದೆ. ಹದಿನೈದು ದಿನಗಳ ಮೇಲೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿದೆವು. ಬಂದ ಉತ್ತರಗಳನ್ನು ನೋಡಿದ ಮೇಲೆ ನನ್ನ ಎರಡು ಷರಾಗಳೂ ತಿದ್ದುಪಡಿಗೆ ಬಂದವು.

ಸಮಮಿತಿಗೆ ಕೌದಿಯೇ ಏಕೆ ಎಂದು ಕೆಲವರು ಕೇಳಿದರು. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಏಳಬಾರದು. ಇಳಕಲ್ಲಿನ ಮಕ್ಕಳ ಮನೆಯಲ್ಲಿ ಮಗ್ಗ ಇರುತ್ತದೆ, ಇಲ್ಲವೆ ನೆರೆಮನೆಯಲ್ಲಿ ಇರುತ್ತದೆ. ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕಿ ಸೇರಿಸುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಗುಳೇದಗುಡ್ಡದ ಖಣ ಬಾದಾಮಿ ಕಡೆಯ ಮಕ್ಕಳಿಗೆ ಹೊಸದಲ್ಲ. ಸೀರೆ, ಧೋತರ ಹಳತಾದ ಮೇಲೆ ಅವು ಹೋಗಿ ಸೇರುವುದು ಕೌದಿಗೆ. ಪಠ್ಯಪುಸ್ತಕದಲ್ಲಿ ಚಿಟ್ಟೆಯ ರೆಕ್ಕೆಯನ್ನೂ ಎಲೆಯನ್ನೂ ತೋರಿಸಿ ಮುಗಿಸುವ ಘಟಕವನ್ನು ಮಗು ಹೊದ್ದು ಮಲಗುವ ವಸ್ತುವಿನಿಂದ ಆರಂಭಿಸಬಹುದು ಎನ್ನುವುದು ನಮ್ಮ ಎಣಿಕೆಯಾಗಿತ್ತು.

ಕೌದಿಗೆ ಒಂದು ತಳಬಟ್ಟೆ ಇರುತ್ತದೆ. ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ತುಣುಕುಗಳನ್ನಿಟ್ಟು, ಎಲ್ಲ ಪದರಗಳನ್ನೂ ಹಿಡಿದು ದಾರ ಎಳೆಯುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲೂ ಹೀಗೆಯೇ. ಅವರು ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅಮೆರಿಕದಲ್ಲಿ 19ನೆಯ ಶತಮಾನದಲ್ಲಿ ಹೊಲಿದ ಲಾಗ್ ಕ್ಯಾಬಿನ್ ಎಂಬ ಪಟ್ಟಿ ಕೌದಿಗಳಲ್ಲೂ ಪಟ್ಟಿಗಳನ್ನು ತಳಬಟ್ಟೆಯ ಮೇಲೆ ಒಂದಾದ ಮೇಲೊಂದರಂತೆ ಹೊಲಿದು ಮಗುಚುತ್ತಿದ್ದರು. ಇವತ್ತು ಫೌಂಡೇಶನ್ ಪೇಪರ್ ಪೀಸಿಂಗ್ ಎಂದು ಹೇಳುವ ಪದ್ಧತಿ ಇದೇ ದಾರಿಯದು. ಬಟ್ಟೆಯ ಜಾಗದಲ್ಲಿ ಕಾಗದ ಬಂದಿದೆ. ಕಾಗದದ ಮೇಲೆ ನಕ್ಷೆ ಇರುತ್ತದೆ, ಹೊಲಿಗೆ ನಕ್ಷೆಯ ಗೆರೆಯ ಮೇಲೆಯೇ ಬೀಳುತ್ತದೆ, ಕೆಲಸ ಮುಗಿದ ಮೇಲೆ ಕಾಗದವನ್ನು ಹರಿದು ತೆಗೆಯುತ್ತಾರೆ. ತಳಬಟ್ಟೆ ಕೌದಿಯೊಳಗೇ ಉಳಿಯುತ್ತದೆ, ಕಾಗದ ಉಳಿಯುವುದಿಲ್ಲ. ಪಾಠಕ್ಕೆ ಬೇಕಾಗಿದ್ದ ಇನ್ನೊಂದು ವ್ಯತ್ಯಾಸವೂ ಇದೆ: ನಕ್ಷೆ ಕಾಗದದ ಒಂದು ಮುಖದಲ್ಲಿದ್ದರೆ ಬಟ್ಟೆ ಇನ್ನೊಂದು ಮುಖದಲ್ಲಿರುತ್ತದೆ. ಹಾಗಾಗಿ ಹೊಲಿದು ಮುಗಿಸಿದ ಚೌಕ ನಕ್ಷೆಯ ಕನ್ನಡಿ ಬಿಂಬವಾಗಿರುತ್ತದೆ.

ಚೌಕ ಮಾಡುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಪ್ರಶಿಕ್ಷಣಾರ್ಥಿಗಳು ತರಗತಿಗೆ ಹೋಗುವ ಮುನ್ನ ಕನಿಷ್ಠ ಎರಡು ಚೌಕಗಳನ್ನಾದರೂ ತಾವೇ ಹೊಲಿದಿರಬೇಕು. ಓದಿದರೆ ಬರುವ ವಿದ್ಯೆ ಇದಲ್ಲ.

13.2 ಸೆಂ.ಮೀ. ಬದಿಯ ಕಾಗದದ ಚೌಕ ಕತ್ತರಿಸಿಕೊಳ್ಳಿ. ಅದರೊಳಗೆ ಸುತ್ತಲೂ 6 ಮಿ.ಮೀ. ಬಿಟ್ಟು 12 ಸೆಂ.ಮೀ. ಬದಿಯ ಚೌಕ ಬರೆಯಿರಿ. ಬಿಟ್ಟ ಜಾಗ ಹೊಲಿಗೆಯ ಅಂಚು. ಟೇಲರುಗಳ ಲೆಕ್ಕದಲ್ಲಿ ಕಾಲು ಇಂಚು. ಒಳಚೌಕದ ಮೇಲಿನ ಬದಿಯಲ್ಲಿ ಒಂದು ಬಿಂದು ಗುರುತಿಸಿ, ಅದರಿಂದ ಕೆಳಗಿನ ಎರಡು ಮೂಲೆಗಳಿಗೆ ಗೆರೆ ಎಳೆಯಿರಿ. ನಡುವೆ ಒಂದು ತ್ರಿಭುಜ, ಎರಡು ಪಕ್ಕಗಳಲ್ಲಿ ಎರಡು ತ್ರಿಭುಜಗಳು ಬಂದವು. ನಡುವಿನದಕ್ಕೆ 1, ಎಡದ್ದಕ್ಕೆ 2, ಬಲದ್ದಕ್ಕೆ 3 ಎಂದು ಬರೆಯಿರಿ. ಗೆರೆಗಳನ್ನು ಕಾಗದದ ಅಂಚಿನವರೆಗೆ ಚಾಚಿ. ಪೆನ್ಸಿಲ್ಲೇ ಇರಲಿ, ಜೆಲ್ ಪೆನ್ನಿನ ಮಸಿ ಬಟ್ಟೆಗೆ ಇಳಿಯುತ್ತದೆ, ಪತ್ರಿಕೆಯ ಹಾಳೆಯ ಮಸಿಯೂ ಇಳಿಯುತ್ತದೆ. ಒಂದು ಬದಿ ಖಾಲಿ ಇರುವ ತೆಳ್ಳನೆಯ ಹಳೆಯ ಹಾಳೆ ಎಲ್ಲಕ್ಕಿಂತ ಉತ್ತಮ.

ಈಗ ಕಾಗದವನ್ನು ಮಗುಚಿ. ನಕ್ಷೆ ಇಲ್ಲದ ಮುಖದ ಮೇಲೆ ಮೊದಲ ಬಟ್ಟೆಯನ್ನು, ಅಂದರೆ ಸುಮಾರು 15 ಸೆಂ.ಮೀ. ಚೌಕದ ತುಣುಕನ್ನು, ಅದರ ಬೆನ್ನು ಕಾಗದಕ್ಕೆ ತಾಗುವಂತೆ ಇಟ್ಟು ಗುಂಡುಸೂಜಿ ಚುಚ್ಚಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ: 1ನೆಯ ಭಾಗವನ್ನೂ ಅದರ ಸುತ್ತ 6 ಮಿ.ಮೀ. ಅಂಚನ್ನೂ ಬಟ್ಟೆ ಮುಚ್ಚಿರಬೇಕು. ಎರಡನೆಯ ಬಟ್ಟೆಯನ್ನು ಮೊದಲನೆಯದರ ಮೇಲೆ ಮುಖಕ್ಕೆ ಮುಖ ಮಾಡಿ ಇಡಿ. ಅದರ ಅಂಚು ಹೊಲಿಯುವ ಗೆರೆಯನ್ನು ದಾಟಿ 2ನೆಯ ಭಾಗದೊಳಕ್ಕೆ 6 ಮಿ.ಮೀ. ಬಂದಿರಲಿ. ಹೊಲಿಯುವ ಮೊದಲು ಗೆರೆಯ ಗುಂಟ ಗುಂಡುಸೂಜಿ ಹಾಕಿ ಬಟ್ಟೆಯನ್ನು ಮಗುಚಿ ನೋಡಿ. ಮಗುಚಿದಾಗ ಅದು 2ನೆಯ ಭಾಗವನ್ನು ಪೂರ್ತಿ ಮುಚ್ಚಿದರೆ ಮಾತ್ರ ಹೊಲಿಯಬೇಕು. ಈ ಪದ್ಧತಿಯಲ್ಲಿ ಹಾಳಾಗುವ ಬಟ್ಟೆಯ ಬಹುಪಾಲು ಇಲ್ಲಿಯೇ ಹಾಳಾಗುತ್ತದೆ. ಇಟ್ಟಾಗ ಸಾಕಷ್ಟು ದೊಡ್ಡದಾಗಿ ಕಂಡ ತುಣುಕು ಮಗುಚಿದ ಮೇಲೆ ಓರೆಯಾಗಿ ನಿಂತು ಒಂದು ಮೂಲೆಯನ್ನು ಬರಿದು ಬಿಡುತ್ತದೆ.

ನಂತರ ಕಾಗದ ಮೇಲೆ ಬರುವಂತೆ ಹಿಡಿದು, ಗೆರೆಯ ಮೇಲೆ, ಕಾಗದದ ಅಂಚಿನಿಂದ ಅಂಚಿಗೆ ಹೊಲಿಯಿರಿ. ಹೊಲಿಗೆ ಗೆರೆಯ ತುದಿಯಲ್ಲೇ ನಿಂತರೆ ಕಾಗದ ಕೀಳುವಾಗ ಬಿಚ್ಚಿಕೊಳ್ಳುತ್ತದೆ. ಕಾಗದವನ್ನು ಗೆರೆಯ ಮೇಲೆ ಹಿಂದಕ್ಕೆ ಮಡಚಿ, ಹೊರಗೆ ಉಳಿದ ಎರಡೂ ಬಟ್ಟೆಗಳನ್ನು 6 ಮಿ.ಮೀ. ಬಿಟ್ಟು ಕತ್ತರಿಸಿ. ಎರಡನೆಯ ಬಟ್ಟೆಯನ್ನು ಮಗುಚಿ ಉಗುರಿನಿಂದ ತೀಡಿ. 3ನೆಯದಕ್ಕೂ ಇದೇ ಕ್ರಮ. ಕೊನೆಗೆ ಕಾಗದದ ಅಂಚಿನ ಗುಂಟ ಬಟ್ಟೆ ಕತ್ತರಿಸಿದರೆ ಚೌಕ ಸಿದ್ಧ. ತ್ರಿಭುಜದ ತುದಿಯ ಮೇಲೆ 6 ಮಿ.ಮೀ. ಅಂಚು ಉಳಿದಿರಲೇಬೇಕು. ಅಂದ ಕಾಣಲೆಂದು ಅಲ್ಲಿ ಒತ್ತಿ ಕತ್ತರಿಸಿದರೆ ಚೌಕಗಳನ್ನು ಜೋಡಿಸಿದಾಗ ತೆನೆಯ ತುದಿ ಮೊಂಡಾಗುತ್ತದೆ. ಪಕ್ಕದ ಚೌಕಗಳನ್ನು ಜೋಡಿಸುವವರೆಗೆ ಕಾಗದ ಕೀಳಬಾರದು.

ಯಂತ್ರದಲ್ಲಿ ಹೊಲಿದರೆ ಹೊಲಿಗೆ ಒಂದೂವರೆ ಮಿ.ಮೀ. ಆಸುಪಾಸು ಚಿಕ್ಕದಾಗಿರಬೇಕು, ಆಗ ಕಾಗದ ಗೆರೆಯ ಮೇಲೆ ಸಲೀಸಾಗಿ ಹರಿಯುತ್ತದೆ. ಕಾಗದ ಹೊಲಿದ ಸೂಜಿ ಬೇಗ ಮೊಂಡಾಗುವುದರಿಂದ ಅದನ್ನು ಬೇರೆ ಇಡಿ. ನಮ್ಮ ಶಾಲೆಗಳಲ್ಲಿ ಯಂತ್ರದ ಮಾತು ಬೇಡ, ಕೈಹೊಲಿಗೆಯೇ ಗತಿ. ಅದಕ್ಕೆ ಒಂದು ಸುಲಭದ ಉಪಾಯ ಇದೆ. ಎಂಟು ಹಾಳೆಗಳನ್ನು ಒಟ್ಟಿಗೆ ಜೋಡಿಸಿ, ಮೇಲಿನದರಲ್ಲಿ ಮಾತ್ರ ನಕ್ಷೆ ಬರೆದು, ದಾರ ಹಾಕದ ಹೊಲಿಗೆ ಯಂತ್ರವನ್ನು ಗೆರೆಗಳ ಮೇಲೆ ಓಡಿಸಿದರೆ ಎಂಟಕ್ಕೂ ಒಂದೇ ಸಲ ತೂತಿನ ಗೆರೆ ಬೀಳುತ್ತದೆ. ತೂತುಗಳ ನಡುವೆ 3 ಮಿ.ಮೀ. ಇದ್ದರೆ ಮಕ್ಕಳು ಅವುಗಳ ಮೂಲಕವೇ ಸೂಜಿ ಹಾಕುತ್ತಾರೆ: ಒಂದು ತೂತು ಮೇಲೆ, ಒಂದು ಕೆಳಗೆ ಎಂದು ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಮರಳುವುದು. ಕಸೂತಿ ಬಲ್ಲವರಿಗೆ ಇದು ಗವಂತಿ ಹೊಲಿಗೆಯೆಂದು ಕೂಡಲೇ ತಿಳಿಯುತ್ತದೆ. ಹೊಲಿಗೆ ಗಟ್ಟಿ, ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಈ ಕೊನೆಯ ಗುಣವೇ ಮುಂದೆ ಒಂದು ಗೊಂದಲಕ್ಕೂ ಕೈಜೋಡಿಸಿತು.

ಮೊದಲ ಪಾಠಕ್ಕೆ ಬರುತ್ತೇನೆ. ಇಳಕಲ್ಲಿನ ಪ್ರಶಿಕ್ಷಣಾರ್ಥಿ ಬಿಂದುವನ್ನು ಮೇಲಿನ ಬದಿಯ ನಟ್ಟನಡುವೆ, 6 ಸೆಂ.ಮೀ.ಗೆ ಇಟ್ಟಿದ್ದರು. ಸೆರಗಿನ ತೆನೆಯ ಸಾಲನ್ನು ತೋರಿಸಿ ಪೀಠಿಕೆ ಹಾಕಿದರು, ಚೌಕವನ್ನು ಮಡಚಿ ಸಮಮಿತಿಯ ಅಕ್ಷ ತೋರಿಸಿದರು. ಮಕ್ಕಳು ಸದ್ದಿಲ್ಲದೆ ಹೊಲಿದರು. ಅವಧಿ ಮುಗಿಯುವ ಹೊತ್ತಿಗೆ ಚೌಕಗಳೆಲ್ಲ ಒಂದೇ ತರಹ ಬಂದಿದ್ದವು. "ನಕ್ಷೆಗೂ ಬಟ್ಟೆಗೂ ಏನು ಸಂಬಂಧ?" ಎಂದು ಕೇಳಿದಾಗ "ಕನ್ನಡಿಯ ಬಿಂಬ" ಎಂದು ತರಗತಿಯೆಲ್ಲ ಒಟ್ಟಾಗಿ ಹೇಳಿತು. ಅದನ್ನು ಅವರು ಕಪ್ಪು ಹಲಗೆಯ ಮೇಲೆ ಮೊದಲೇ ಬರೆದಿದ್ದರು. ನಾನು ಅಂಕ ಹಾಕಿ ಎದ್ದೆ.

ಹುನಗುಂದದ ಪ್ರಶಿಕ್ಷಣಾರ್ಥಿ ಬಾದಾಮಿ ಕಡೆಯವರು. ಮನೆಯಿಂದ ತಂದ ಹಳೆಯ ಸೀರೆಯ ದಡಿಯಲ್ಲಿ ಉಳಿದಿದ್ದು 6 ಸೆಂ.ಮೀ. ಅಗಲದ ಪಟ್ಟಿಗಳು. ಬಿಂದು ನಡುವೆ ಇದ್ದರೆ ಪಕ್ಕದ ತುಣುಕಿಗೆ ಸುಮಾರು ಏಳೂವರೆ ಸೆಂ.ಮೀ. ಅಗಲ ಬೇಕು, ಪಟ್ಟಿ ಸಾಲದು. ಅದಕ್ಕಾಗಿ ಅವರು ಬಿಂದುವನ್ನು ಎಡಕ್ಕೆ ಸರಿಸಿ 4 ಸೆಂ.ಮೀ.ಗೆ ಇಟ್ಟರು. ಬಟ್ಟೆ ಇದ್ದಂತೆ ನಕ್ಷೆ. ಕೌದಿ ಹೊಲಿಯುವವರು ಮಾಡುವುದೂ ಇದನ್ನೇ, ಇದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ತಮ್ಮ ಕೋಣೆಯ ಪಕ್ಕದ ಟೇಲರ್ ಅಂಗಡಿಯಲ್ಲಿ ಹಾಳೆಗಳಿಗೆ ತೂತು ಹಾಕಿಸಿಕೊಂಡು ಬಂದರು. ಅಂಕಿ ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಟ್ಟರು.

ತೂತಿನ ಗೆರೆ ಎರಡೂ ಮುಖಗಳಲ್ಲಿ ಕಾಣುತ್ತದೆ. ಕೈಗೆ ಬಂದ ಹಾಳೆಯ ಯಾವ ಮುಖ ಮೇಲಿತ್ತೋ ಅದರ ಮೇಲೆ ಮಕ್ಕಳು 1, 2, 3 ಬರೆದುಕೊಂಡರು. ಕೆಲವರ ನಕ್ಷೆ ಎಡಕ್ಕೆ ವಾಲಿತ್ತು, ಕೆಲವರದು ಬಲಕ್ಕೆ. ಹೊಲಿಯುವಾಗ ಯಾರಿಗೂ ಇದು ತಿಳಿಯಲಿಲ್ಲ. ಚೌಕಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟಾಗ ಒಬ್ಬ ಹುಡುಗಿ ಎದ್ದು ನಿಂತಳು:

"ಅಕ್ಕಾರ, ನಂದು ಬಲಕ ವಾಲೈತಿ, ಅಕಿದು ಎಡಕ ವಾಲೈತಿ. ಯಾವ್ದು ಖರೆ?"

ಹಲಗೆಯ ಮೇಲಿನ ನಕ್ಷೆ ಎಡಕ್ಕೆ ವಾಲಿತ್ತು. ಹಾಗಾಗಿ ಎಡಕ್ಕೆ ವಾಲಿದ ಚೌಕದವರು ತಮ್ಮದೇ ಸರಿ ಎಂದರು. ಬಲಕ್ಕೆ ವಾಲಿದವರು ತಾವು ಹೇಳಿದಂತೆಯೇ ಮಾಡಿದ್ದೇವೆ ಎಂದು ಅಂಕಿ ಬರೆದ ಕಾಗದ ತೋರಿಸಿದರು. ಒಬ್ಬ ಹುಡುಗ "ತಿರುವಿ ಇಟ್ರ ಸರಿ ಆಕ್ಕೈತ್ರಿ" ಎಂದು ತನ್ನ ಚೌಕವನ್ನು ಅರ್ಧ ಸುತ್ತು ತಿರುಗಿಸಿದ. ತೆನೆ ತಲೆಕೆಳಗಾಯಿತು, ಸರಿಹೋಗಲಿಲ್ಲ. ಇನ್ನೊಬ್ಬಳು ಮಗುಚಿ ಇಟ್ಟಳು. ವಾಲಿದ ದಿಕ್ಕು ಸರಿಹೋಯಿತು, ಆದರೆ ಬಟ್ಟೆಯ ಬೆನ್ನೂ ಕಾಗದವೂ ಮೇಲೆ ಬಂದವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪ್ರಶಿಕ್ಷಣಾರ್ಥಿಯ ಮುಖ ಬಾಡಿತು. ನಾನು ಷರಾ ಬರೆಯುತ್ತಿದ್ದೆ.

ಹಿಂದಿನ ಸಾಲಿನ ಒಬ್ಬ ಹುಡುಗ ಬಳಸದೆ ಉಳಿದ ಹಾಳೆಯೊಂದನ್ನು ಬೆರಳಿನಿಂದ ಸವರುತ್ತಿದ್ದ. ಒಂದು ಮುಖ ನುಣ್ಣಗಿದೆ, ಇನ್ನೊಂದು ಮುಖ ತರಿತರಿ ಎಂದ. ಯಂತ್ರದ ಸೂಜಿ ಹೊಕ್ಕ ಬದಿ ನುಣುಪು, ಹೊರಬಂದ ಬದಿ ಒರಟು. ತರಿಯ ಬದಿಗೆ ಅಂಕಿ ಬರೆದವರದು ಒಂದು ಕಡೆ ವಾಲಿದೆ, ನುಣುಪಿನ ಬದಿಗೆ ಬರೆದವರದು ಇನ್ನೊಂದು ಕಡೆ ಎಂದು ಅವರೇ ಹಾಳೆ ಸವರಿ ಸವರಿ ವಿಂಗಡಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠ ಯೋಜನೆಯ ಮೌಲ್ಯಮಾಪನದ ಹಂತ ಬರಲೇ ಇಲ್ಲ.

ಹದಿನೈದು ದಿನಗಳ ನಂತರ ಕೇಳಿದ ಪ್ರಶ್ನೆ ಇಷ್ಟೇ. ಒಂದು ಕಾಗದದ ಚೌಕದಲ್ಲಿ ಎಡಕ್ಕೆ ವಾಲಿದ ತೆನೆಯ ನಕ್ಷೆ ಕೊಟ್ಟು, "ಇದರ ಮೇಲೆ ಹೊಲಿದರೆ ಬಟ್ಟೆಯಲ್ಲಿ ಹೇಗೆ ಕಾಣುತ್ತದೆ, ಪಕ್ಕದಲ್ಲಿ ಬರೆಯಿರಿ" ಎಂದೆವು. ಇಳಕಲ್ಲಿನ ತರಗತಿಯಲ್ಲಿ ಹೆಚ್ಚಿನವರು ನಕ್ಷೆಯನ್ನು ಇದ್ದಂತೆಯೇ ನಕಲು ಮಾಡಿದರು. ಅವರಲ್ಲಿ ಕೆಲವರು ಅದರ ಕೆಳಗೆ "ಕನ್ನಡಿಯ ಬಿಂಬ" ಎಂದೂ ಬರೆದಿದ್ದರು. ಹುನಗುಂದದಲ್ಲಿ ನಾಲ್ಕೈದು ಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ಬಲಕ್ಕೆ ವಾಲಿದ ತೆನೆ ಬರೆದರು; ಒಬ್ಬಳು "ಅಂಕಿ ಯಾವ ಕಡೆ ಬರೀಬೇಕ್ರಿ?" ಎಂದು ನನ್ನನ್ನೇ ಕೇಳಿದಳು.

ಇಳಕಲ್ಲಿನ ಪ್ರಶಿಕ್ಷಣಾರ್ಥಿಯ ಬೋಧನೆಯಲ್ಲಿ ಕೊರತೆ ಇರಲಿಲ್ಲ. ಉದಾಹರಣೆ ಅವರಿಗೆ ಕೈಕೊಟ್ಟಿತು. ನಟ್ಟನಡುವೆ ತುದಿ ಇರುವ ತೆನೆಯ ಕನ್ನಡಿ ಬಿಂಬ ಆ ತೆನೆಯೇ. ಹಾಳೆಯನ್ನು ಸರಿಯಾಗಿ ಹಿಡಿದರೂ ಉಲ್ಟಾ ಹಿಡಿದರೂ ಚೌಕ ಒಂದೇ ಬರುತ್ತದೆ. ಪ್ರತಿಫಲನ ಅರ್ಥವಾದ ಮಗುವನ್ನೂ ಅರ್ಥವಾಗದ ಮಗುವನ್ನೂ ಆ ಚೌಕ ಬೇರೆ ಮಾಡಿ ತೋರಿಸುವುದಿಲ್ಲ. ಸಮಮಿತಿ ಕಲಿಸಲು ಸಮಮಿತಿ ಇರುವ ಆಕೃತಿಯನ್ನೇ ಆಯ್ದುಕೊಳ್ಳುವುದು ನಮ್ಮೆಲ್ಲರ ರೂಢಿ. ಬಿಂದುವನ್ನು ಎರಡು ಸೆಂಟಿಮೀಟರ್ ಸರಿಸಿದ್ದರೆ ಅವರ ಪಾಠವೂ ಗದ್ದಲವಾಗುತ್ತಿತ್ತು, ನಾನು ಅವರಿಗೂ ಕಡಿಮೆ ಅಂಕ ಕೊಡುತ್ತಿದ್ದೆ. ವೀಕ್ಷಣಾ ಪತ್ರದಲ್ಲಿ ತರಗತಿ ನಿಯಂತ್ರಣಕ್ಕೆ ಒಂದು ಕಲಂ ಇದೆ, ಹಲಗೆಯ ಬರಹಕ್ಕೆ ಒಂದಿದೆ, ಧ್ವನಿಗೆ ಒಂದಿದೆ. ಆಯ್ದ ಉದಾಹರಣೆ ಮಗುವಿನ ತಪ್ಪನ್ನು ಹೊರಗೆ ತರುತ್ತದೆಯೋ ಮುಚ್ಚುತ್ತದೆಯೋ ಎಂದು ಕೇಳುವ ಕಲಂ ನಾನು ತುಂಬಿದ ಪತ್ರದಲ್ಲಿ ಇರಲಿಲ್ಲ.

ಬಟ್ಟೆಯ ಆಯ್ಕೆಯಲ್ಲೂ ಇದೇ ಸಮಸ್ಯೆ ಇದೆ. ಇಳಕಲ್ ಸೀರೆಯ ಒಡಲಿನ ಹತ್ತಿಯ ಚೌಕಳಿ ಬಟ್ಟೆ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ. "ಮುಖಕ್ಕೆ ಮುಖ ಇಡಿ" ಎಂದರೆ ಮಗು ಹೇಗೆ ಇಟ್ಟರೂ ನಡೆಯುತ್ತದೆ, ಅರ್ಥವಾಗಿದೆಯೇ ಎಂದು ನಮಗೆ ಗೊತ್ತಾಗುವುದಿಲ್ಲ. ಖಣಕ್ಕೆ ಮುಖ ಬೇರೆ, ಬೆನ್ನು ಬೇರೆ. ಮೂರು ತುಣುಕುಗಳಲ್ಲಿ ಒಂದಾದರೂ ಖಣ ಇರಲಿ, ಇಲ್ಲವೆ ಒಂದೇ ಬದಿಗೆ ಅಚ್ಚು ಇರುವ ಬಟ್ಟೆ ಇರಲಿ.

ತಿದ್ದಿದ ಪಾಠವನ್ನು ನಂತರ ಇಬ್ಬರೂ ಸೇರಿ ಬಾದಾಮಿಯ ಶಾಲೆಯೊಂದರಲ್ಲಿ ಮಾಡಿದರು. ಬಿಂದು 4 ಸೆಂ.ಮೀ.ಗೆ. ತೂತಿನ ಹಾಳೆ, ಅಂಕಿ ಬರೆಯುವುದು ಮಕ್ಕಳಿಗೆ ಬಿಟ್ಟದ್ದು. ಕನ್ನಡಿಯ ಮಾತನ್ನು ಮೊದಲು ಎತ್ತುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದರು. ಹೊಲಿಯುವ ಮುನ್ನ "ನಿನ್ನ ತೆನೆ ಯಾವ ಕಡೆ ವಾಲುತ್ತದೆ?" ಎಂದು ಕೇಳಿ ಪ್ರತಿ ಮಗುವಿನ ಉತ್ತರವನ್ನು ಹಾಳೆಯ ಮೂಲೆಯಲ್ಲಿ ಬಾಣದ ಗುರುತಾಗಿ ಬರೆಸಿದರು. ಇದು ಮುಖ್ಯ, ಬರೆಯದಿದ್ದರೆ ಆಮೇಲೆ ಎಲ್ಲರೂ "ನನಗ ಮೊದಲ ಗೊತ್ತಿತ್ರಿ" ಎನ್ನುತ್ತಾರೆ. ಗದ್ದಲಕ್ಕೆಂದೇ ಎರಡನೆಯ ಜೋಡಿ ಅವಧಿಯ ಮೊದಲ ಇಪ್ಪತ್ತು ನಿಮಿಷ ಮೀಸಲಿಟ್ಟರು.

ಎರಡು ಬಗೆಯ ಚೌಕಗಳು ಬಂದದ್ದರಿಂದ ಒಂದು ಲಾಭವಾಯಿತು. ಎಡಕ್ಕೆ ವಾಲಿದ ಎರಡು ಚೌಕಗಳನ್ನು ಪಕ್ಕಪಕ್ಕ ಇಟ್ಟರೆ ತೆನೆ ಸರಿದು ಮತ್ತೊಮ್ಮೆ ಬರುತ್ತದೆ, ಅಷ್ಟೆ. ಎಡಕ್ಕೆ ವಾಲಿದ್ದನ್ನೂ ಬಲಕ್ಕೆ ವಾಲಿದ್ದನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ಹೊಲಿಗೆಯೇ ಸಮಮಿತಿಯ ಅಕ್ಷವಾಗುತ್ತದೆ. ಮಕ್ಕಳು ಅಕ್ಷದ ಮೇಲೆ ಬೆರಳಾಡಿಸಿ ನೋಡಿದರು. ವಿಸ್ತೀರ್ಣದ ಪ್ರಶ್ನೆಯನ್ನೂ ಒಬ್ಬರು ತಂದರು: ತೆನೆಯ ವಿಸ್ತೀರ್ಣ 72 ಚ.ಸೆಂ.ಮೀ., ಪಕ್ಕದ ತುಣುಕುಗಳು 24 ಮತ್ತು 48. ಬಿಂದು ನಡುವೆ ಇದ್ದರೆ 72, 36, 36. ತುದಿ ಎಲ್ಲಿಗೆ ಸರಿದರೂ ತೆನೆಗೆ ಚೌಕದ ಅರ್ಧ ಬಟ್ಟೆ. ಇದು ಬೇರೆ ಘಟಕದ ವಿಷಯವಾದರೂ ತಡೆಯಲು ನನಗೆ ಮನಸ್ಸಾಗಲಿಲ್ಲ.

ಆ ದಿನ ಒಂದು ಮಗುವಿನ ಅಜ್ಜಿ ಬಿಸಿಯೂಟದ ಹೊತ್ತಿಗೆ ಶಾಲೆಗೆ ಬಂದಿದ್ದರು. ಚೌಕಗಳನ್ನು ಕೈಗೆ ತೆಗೆದುಕೊಂಡು, ಹಿಂದೆ ಅಂಟಿದ ಕಾಗದ ನೋಡಿ, "ತಂಗೀ, ಕೌದಿಗಿ ಕಾಗದ ಯಾಕ ಬೇಕ? ನಾವು ಕಣ್ಣಳತಿ ಮ್ಯಾಲೆ ಹೊಲದೀವಿ" ಎಂದರು. ಪ್ರಶಿಕ್ಷಣಾರ್ಥಿ ಏನೂ ಹೇಳಲಾಗದೆ ನಕ್ಕರು. ನನಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಓರೆಯಾಗಿ ಕತ್ತರಿಸಿದ ಬಟ್ಟೆಯ ಅಂಚು ಎಳೆದರೆ ಹಿಗ್ಗುತ್ತದೆ. ವಾಲಿದ ತೆನೆಯ ಎರಡೂ ಬದಿಗಳು ಓರೆ ಅಂಚುಗಳೇ. ಅಜ್ಜಿಯ ಕೌದಿಯಲ್ಲಿ ಆ ಹಿಗ್ಗನ್ನು ತಳಬಟ್ಟೆ ಹಿಡಿಯುತ್ತದೆ, ಮಕ್ಕಳ ಚೌಕದಲ್ಲಿ ಕಾಗದ ಹಿಡಿಯುತ್ತದೆ ಎಂದು ಮರುದಿನ ಪ್ರಶಿಕ್ಷಣಾರ್ಥಿಗಳಿಗೆ ವಿವರಿಸಿದೆ. ಆದರೆ ಅಜ್ಜಿಯ ಕೈಕೆಲಸವನ್ನು ತಿದ್ದಲು ಈ ಪದ್ಧತಿ ತಂದದ್ದಲ್ಲ ಎನ್ನುವುದನ್ನು ಪಾಠ ಯೋಜನೆಯಲ್ಲೇ ಬರೆಯಬೇಕು. "ನಮ್ಮ ಅಜ್ಜಿಯ ಕೌದಿ ಸೊಟ್ಟ" ಎಂದು ಒಂದು ಮಗು ಆ ವಾರ ಹೇಳಿದ್ದನ್ನು ಕೇಳಿದ್ದೆ. ಅದು ನಮ್ಮ ಪಾಠದಿಂದಲೇ ಬಂದ ಮಾತು.

ಆ ಅಜ್ಜಿಯನ್ನು ಮುಂದಿನ ಅವಧಿಗೆ ಕರೆದೆವು. ಕಾಗದವಿಲ್ಲದೆ, ತಳಬಟ್ಟೆಯ ಮೇಲೆ, ಮಕ್ಕಳ ಮುಂದೆಯೇ ಒಂದು ತೆನೆ ಹೊಲಿದರು. ಬಟ್ಟೆಯ ಮುಖವನ್ನು ನೋಡುತ್ತಲೇ ಹೊಲಿಯುವುದರಿಂದ ಅವರ ತೆನೆ ಅವರು ಎಣಿಸಿದ ಕಡೆಗೇ ವಾಲಿತು. ಉಲ್ಟಾ ಬರಲಿಲ್ಲವೇಕೆ ಎಂದು ಮಕ್ಕಳು ಕೇಳಿದರು. ಆ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಟ್ಟು, ಚೌಕಗಳನ್ನು ಜೋಡಿಸಿ, ಕಾಗದ ಕೀಳಲು ಎಲ್ಲರೂ ಕುಳಿತರು. ತೆನೆಯ ತುದಿಗಳಲ್ಲಿ ಸಿಕ್ಕ ಚೂರುಗಳು ಉಗುರಿಗೆ ಬರುವುದಿಲ್ಲ. ಅದಕ್ಕೆ ಮೊಂಡಾದ ಸೂಜಿಯೊಂದನ್ನು ಇಟ್ಟುಕೊಂಡಿರಬೇಕು.